ಮೂಲೆಯಲ್ಲಿ ಕಂಡ ಗುಂಪು

ಮಾರ್ಚ್ 3, ಬೆಳಿಗ್ಗೆ
ಮೈಕ್ರೋಸ್ಕೋಪಿನ ಪಕ್ಕ ಸ್ಲೈಡ್‌ಗಳ ರಾಶಿ. ಟೀ ಆರಿತು. ಗರ್ಭಪಾತದ ಟಿಶ್ಯೂ ಒಂದು — ನಮ್ಮ ಲ್ಯಾಬಿನಲ್ಲಿ ಅದರ ಒಂದೇ ತುಣುಕನ್ನು ಸ್ಲೈಡ್ ಮಾಡುವಷ್ಟು ಮರ್ಯಾದೆ. ನೋಡು, ಸಹಿ ಹಾಕು, ಮುಂದಿನದು. ಆದರೆ ಮೂಲೆಯಲ್ಲೊಂದು ಗುಂಪು... ಮಾಸಿನ, ಅಂದರೆ ಪ್ಲಸೆಂಟಾದ ಕೋಶಗಳೇ, ಅಂಕೆ ಮೀರಿ ಬೆಳೆದಿವೆ. ಮನಸ್ಸು ಒಪ್ಪುತ್ತಿಲ್ಲ.

ಮಧ್ಯಾಹ್ನ
ಬಾಸ್‌ಗೆ ತೋರಿಸಿದೆ.
"ಎಳೆ ಬಸಿರಲ್ಲಿ ಹೀಗೇ ಇರುತ್ತಮ್ಮ. ಹಗ್ಗ ನೋಡಿ ಹಾವು ಅಂತಿದೀರಿ."
"ಹಾವೋ ಹಗ್ಗವೋ, ಮಿಕ್ಕಿದ್ದನ್ನೂ ಸ್ಲೈಡ್ ಮಾಡಿ ನೋಡೋಣ ಸರ್."
"ನಿಮ್ಮ ಹಟ, ನಿಮ್ಮ ಕಣ್ಣು."
ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಸ್ಲೈಡ್ ಮಾಡಿಸಿದೆ. ಟೆಕ್ನೀಷಿಯನ್ ಗೊಣಗಿದ. ಗೊಣಗಲಿ.

ಮಾರ್ಚ್ 5
ಸಿಕ್ಕಿತು. ಮಾಸಿನೊಳಗೇ ಹುಟ್ಟಿದ ಕ್ಯಾನ್ಸರ್, ಕಾಳಿನಷ್ಟು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಬಾಸ್ ಬಹಳ ಹೊತ್ತು ನೋಡಿದರು. "ಈ ಪೇಷೆಂಟಿನ ಡಾಕ್ಟರಿಗೆ ಫೋನ್ ಮಾಡಿ. ಈಗಲೇ." ಬೀಗಿದೆ. ಆಮೇಲೆ ನೆನಪಾಯಿತು — ಯಾರ ಮನೆಯ ಹೆಣ್ಣೋ ಏನೋ.

ಮಾರ್ಚ್ 9
ಆ ಪೇಷೆಂಟೇ ಬಂದಳು. ಕಾರು ಓಡಿಸಲು ಕಲಿಸುವುದು ಅವಳ ಕೆಲಸವಂತೆ. ನಮ್ಮನ್ನು ಹುಡುಕಿಕೊಂಡು ರೋಗಿಗಳು ಬರುವುದಿಲ್ಲ, ಕೂರಿಸಲು ಕುರ್ಚಿಯೂ ಇಲ್ಲ. ನನ್ನ ಸ್ಟೂಲ್ ಕೊಟ್ಟೆ.
"ಮಗು ಹೋಯ್ತು ಅಂತ ಅಳ್ತಾ ಇದ್ದೆ ಡಾಕ್ಟ್ರೇ. ಈಗ ನಾನೂ ಹೋಗ್ತೀನಾ?"
"ಇಲ್ಲ. ಮೊಳಕೇಲೇ ಸಿಕ್ಕಿದೆ. ಇಂಜೆಕ್ಷನ್‌ಗೆ ಬಗ್ಗುತ್ತೆ."
"ಮುಂದೆ ಮಗು?"
"ಆಗುತ್ತೆ. ವಾಸಿಯಾದ್ಮೇಲೆ ಒಂದು ವರ್ಷ ಕಾಯ್ಬೇಕು ಅಷ್ಟೇ."
ಮೂಗು ಒರೆಸಿಕೊಂಡಳು. "ನಿಮಗೆ ಕಾರು ಬರುತ್ತಾ?"
"ಸೈಕಲ್ಲೇ ಬರಲ್ಲ."
"ಮಗು ಆಗ್ಲಿ, ನಾನೇ ಕಲಿಸ್ತೀನಿ."

ಜೂನ್ 20
ಈ ಕ್ಯಾನ್ಸರ್ ಅವಳ ರಕ್ತಕ್ಕೆ ಸುರಿಸುತ್ತಿದ್ದ ಬಸಿರಿನ ಹಾರ್ಮೋನು ಇಳಿದೂ ಇಳಿದೂ ಇವತ್ತು ನಾರ್ಮಲ್. ಗೆದ್ದೆವು. ಬಾಸ್ ಎಲ್ಲರಿಗೂ ಟೀ ತರಿಸಿದರು. ಇನ್ನು ಅನುಮಾನ ಬಂದರೆ ಪೂರ್ತಿ ಟಿಶ್ಯೂ ಸ್ಲೈಡ್ ಮಾಡಬೇಕು — ಅವರದೇ ಆರ್ಡರ್. ಟೆಕ್ನೀಷಿಯನ್ ನನ್ನನ್ನು ದುರುಗುಟ್ಟಿ ನೋಡಿದ.

ಅಕ್ಟೋಬರ್ 11
ನಡುವೆ ಎರಡು ವರ್ಷದ ಡೈರಿ ಖಾಲಿ ಹೋದವು. ಇವತ್ತು ಬರೆಯಲೇಬೇಕು. ಹೆರಿಗೆ ವಾರ್ಡಿನಿಂದ ಬಕೆಟ್ಟಿನಲ್ಲಿ ಇಡೀ ಮಾಸು ಬಂತು. ಚೀಟಿಯಲ್ಲಿ ಅವಳ ಹೆಸರು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಹಿಂದೆ ಆ ಕಾಯಿಲೆ ಇತ್ತಲ್ಲ, ಮಾಸು ನೋಡಲೇಬೇಕು. ನಾನೇ ಕೊಯ್ದೆ.

ಅಕ್ಟೋಬರ್ 13
ಒಂದೊಂದು ಸ್ಲೈಡನ್ನೂ ಎರಡೆರಡು ಸಲ ನೋಡಿದೆ.
"ಏನಮ್ಮ?" ಬಾಸ್ ಬಾಗಿಲಲ್ಲೇ ನಿಂತಿದ್ದರು.
"ಏನೂ ಇಲ್ಲ ಸರ್. ಅಪ್ಪಟ ಮಾಸು."
ಅವರು ಹೋದಮೇಲೆ ಬಾಗಿಲು ಹಾಕಿಕೊಂಡು ಕುಣಿದೆ. ಈ ವಯಸ್ಸಿನಲ್ಲಿ.

ಜನವರಿ 6
ಕೆಳಗೆ ಹಾರ್ನ್. ಇಣುಕಿದರೆ — ಗೇಟಿನಲ್ಲಿ ಕಾರು ಕಲಿಸುವವಳ ಅಮ್ಮನಿರಬೇಕು, ತೋಳಲ್ಲಿ ಪುಟ್ಟಿ. ಎಲ್ ಬೋರ್ಡಿನ ಕಾರು. ಡ್ರೈವರ್ ಸೀಟು ನನಗೆಂದೇ ಖಾಲಿ. ಪಕ್ಕದ ಸೀಟಿನಿಂದ ಅವಳೇ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾಳೆ. ಮತ್ತೆ ಒತ್ತಿದಳು. ಬಂದೆ ತಾಯಿ, ಪೆನ್ನಿನ ಕ್ಯಾಪ್ ಹಾಕೋಕಾದರೂ ಬಿ—