ಮೂಳೆಯ ಮೇಲಲ್ಲ, ಪಕ್ಕದ ಮಾಂಸದ ಮೇಲೆ

ನನ್ನ ಪಾದದ ಕೆಳಗೆ ಊರವರನ್ನು ಬೋರಲು ಮಲಗಿಸುತ್ತಿದ್ದ ಅಜ್ಜಿಗೆ,

ಕಳೆದ ಬುಧವಾರ ಮತ್ತೆ ಒಂದು ಬೆನ್ನು ನನ್ನ ಮುಂದೆ ಬೋರಲು ಮಲಗಿತ್ತು. ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ನನಗೆ ಮೆಡಿಕಲ್ ಸೀಟು ಸಿಕ್ಕಿತು. ಈಗ ಫಸ್ಟ್ ಇಯರ್. ನಮ್ಮ ಟೇಬಲ್ಲಿಗೆ ಒಂದು ಹೆಣ ಕೊಟ್ಟಿದ್ದಾರೆ, ಯಾರೋ ಮುದುಕಪ್ಪನದು. ಹೆಣ ಕೆಡದಂತೆ ಹಾಕುವ ಫಾರ್ಮಾಲಿನ್ ವಾಸನೆ ಮೂಗಿಗೆ ಬರುವುದಿಲ್ಲ ಅಜ್ಜಿ, ನೇರ ನಾಲಿಗೆಗೆ ಬಂದು ಕೂರುತ್ತದೆ. ಚರ್ಮ ಬಿಡಿಸಿದರೆ ಕೆಳಗೆ ಹಳದಿ ಕೊಬ್ಬು, ಗ್ಲೌಸಿಗೆ ಅಂಟಿಕೊಂಡು ಬರುತ್ತದೆ, ಒರೆಸಿದಷ್ಟೂ ಹರಡುತ್ತದೆ. ನಾನು ಹೊರಗೆ ಓಡಿ ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡೆ. ಅದು ಮೂರನೇ ಸಲ.

ಒಳಗೆ ಬಂದರೆ ನಮ್ಮ ಟೇಬಲ್ಲಿನ ಶ್ರೇಯಸ್, "ಮಚ್ಚಾ, ಇವಳಿಗೆ ಇವತ್ತು ಮೆಸ್ಸಲ್ಲಿ ಚಿಕನ್ ಬೇಡ್ವಂತೆ. ಆ ಪೀಸು ನಂಗೆ" ಎಂದ. ಎಲ್ಲರೂ ನಕ್ಕರು, ಅನಾಟಮಿ ಮೇಡಂ ಒಬ್ಬರನ್ನು ಬಿಟ್ಟು. "ನೋಡಮ್ಮ, ಬಾಯಲ್ಲಿ ಒಪ್ಪಿಸಿದ್ರೆ ಆಗಲ್ಲ. ಸೋಮವಾರ ಟೆಸ್ಟು. ಬೆನ್ನಿನ ಒಂದೊಂದು ಮಸಲ್ಲೂ ಕೈಯಿಟ್ಟು ತೋರಿಸ್ಬೇಕು. ಮುಟ್ಟಕ್ಕೇ ಆಗಲ್ಲ ಅಂದ್ರೆ ಈ ಕೋರ್ಸು ನಿಂಗಲ್ಲ, ಈಗ್ಲೇ ಮನೇಲಿ ಹೇಳ್ಬಿಡು" ಎಂದರು.

ಮುಟ್ಟಕ್ಕೇ ಆಗಲ್ಲ. ಈ ಮಾತು ನಾನು ಮೊದಲು ಯಾರಿಗೆ ಹೇಳಿದ್ದೆ, ನೆನಪಿದೆಯಾ ನಿನಗೆ?

ರಾಜಾನುಕುಂಟೆಯ ನಮ್ಮ ಮನೆಯ ಹಜಾರದಲ್ಲಿ ನೀನು ಚಾಪೆ ಹಾಸುತ್ತಿದ್ದುದು ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಐದು ವರ್ಷದವಳಿದ್ದಾಗಿನಿಂದ ಬೆಳಗ್ಗೆ ಬೆಳಗ್ಗೆ ಯಾರಾದರೂ ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು: "ಮಗಾ ಎದ್ದೈತಾ?" ಬೆವರಿನ ಬೆನ್ನು, ಕೂದಲಿನ ಬೆನ್ನು, ಕೊಟ್ಟಿಗೆಯ ವಾಸನೆಯ ಬೆನ್ನು. ಒಬ್ಬರ ಬೆನ್ನಲ್ಲಿ ದೊಡ್ಡ ನರೂಲಿ ಇತ್ತು, ಬರಿಗಾಲಿನ ಅಡಿ ಅದು ಅತ್ತಿತ್ತ ಓಲಾಡಿದ್ದು ಇವತ್ತಿಗೂ ನನ್ನ ಪಾದಕ್ಕೆ ನೆನಪಿದೆ. ನಾನು ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದರಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದೆ.

ನೀನು ಮೊದಲು ಹೆಬ್ಬೆರಳಿನಲ್ಲಿ ಒತ್ತುತ್ತಾ ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದೆ. "ಇಲ್ಲೈತೆ ನೋಡು, ಗಂಟಾಗೈತೆ. ಮೂಳೆ ಮ್ಯಾಲೆ ಕಾಲಿಕ್ಬ್ಯಾಡ ಕಣವ್ವ, ಪಕ್ಕದ್ ಮಾಂಸದ್ ಮ್ಯಾಲಿಕ್ಕು. ಮೂರೇ ಸಲ. ಮೂಗಿಡ್ಕೋಬ್ಯಾಡ, ಎಲ್ಡೂ ಕೈ ಗ್ವಾಡೆಗೆ ಕೊಡು, ಬಿದ್ದೀಯ!" ಎನ್ನುತ್ತಿದ್ದೆ. ಮಲಗಿದವರು ಹಾ, ಹೂ ಎನ್ನುತ್ತಾ ಎದ್ದು, ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಪಾದ ಕೆಂಪಾಗುವವರೆಗೆ ಕಲ್ಲಿಗೆ ಉಜ್ಜುತ್ತಿದ್ದೆ.

ಏಳನೇ ಕ್ಲಾಸಿಗೆ ಹಟ ಹಿಡಿದು ಸಂಜಯನಗರದ ಹಾಸ್ಟೆಲ್ ಸೇರಿದೆನಲ್ಲ, ಓದಿಗೆ ಎಂದುಕೊಂಡಿರಿ ಎಲ್ಲರೂ. ಓದಿಗಲ್ಲ ಅಜ್ಜಿ, ಆ ಬೆನ್ನುಗಳಿಂದ ತಪ್ಪಿಸಿಕೊಳ್ಳಲು. ನಿನಗೆ ಗೊತ್ತಿತ್ತಾ?

ಒಂಬತ್ತನೇ ಕ್ಲಾಸಿನ ದಸರಾ ರಜೆಯಲ್ಲಿ ಬಂದಾಗ ನೀನೇ ಚಾಪೆಯ ಮೇಲೆ ಬಿದ್ದಿದ್ದೆ. ರಾಗಿ ಹೊಲದಲ್ಲಿ ಕಳೆ ಕಿತ್ತು ಎದ್ದವಳಿಗೆ ಬೆನ್ನು ಹಿಡಿದುಕೊಂಡಿತ್ತು. ಕುಪ್ಪಸ ಮೇಲೆ ಸರಿದಿತ್ತು. ಸುಕ್ಕು ಚರ್ಮ, ಹರಳೆಣ್ಣೆಯ ಜಿಡ್ಡು, ಹೊಗೆಸೊಪ್ಪಿನ ವಾಸನೆ. "ಬಾ ಮಗಾ, ಮೂರೇ ಸಲ" ಎಂದೆ ನೀನು. ನಾನು ಬಾಗಿಲಲ್ಲೇ ನಿಂತು, "ಥೂ ಅಜ್ಜಿ, ಅಸಹ್ಯ. ನಂಗೆ ಮುಟ್ಟಕ್ಕೇ ಆಗಲ್ಲ. ಡಾಕ್ಟ್ರ ಹತ್ರ ಹೋಗು" ಎಂದುಬಿಟ್ಟೆ.

"ಆಯ್ತು ಬುಡವ್ವ." ಅಷ್ಟೇ ಅಂದೆ ನೀನು. ಆಮೇಲೆ ಕೈ ಊರಿ, ಮಂಡಿ ಊರಿ, ಬಾಗಿಲ ಚೌಕಟ್ಟು ಹಿಡಿದು ಒಬ್ಬಳೇ ಎದ್ದೆ. ನಾನು ನೋಡುತ್ತಾ ನಿಂತಿದ್ದೆ. ಮಾರನೇ ದಿನ ಯಾರೋ ಸೊಂಟ ಹಿಡಿದುಕೊಂಡು ಬಂದಾಗ ನೀನು, "ಮಗಾ ಓದ್ಕಂತೈತೆ, ಓಗಪ್ಪ" ಎಂದು ಕಳಿಸಿದ್ದು ಒಳಗಿನಿಂದ ಕೇಳಿಸಿತು. ಆಮೇಲೆ ನೀನು ಹೋಗುವವರೆಗೂ ಒಂದು ಸಲವಾದರೂ ನನ್ನನ್ನು ಕರೆದಿದ್ದರೆ...

ಭಾನುವಾರ ಮಧ್ಯಾಹ್ನ ಹಾಸ್ಟೆಲ್ ರೂಮಿನಲ್ಲಿ ಬೆನ್ನಿನ ಅಧ್ಯಾಯ ತೆರೆದು ಕೂತೆ. ಮೇಲೇ ಇರುವುದು ಟ್ರೆಪೀಜಿಯಸ್, ಕತ್ತಿನಿಂದ ಭುಜಕ್ಕೆ ಹರಡಿದ್ದು. ಸೊಂಟದಿಂದ ತೋಳಿಗೆ ಹೋಗುವ ಅಗಲದ್ದು ಲ್ಯಾಟಿಸಿಮಸ್, ನೀನು ಬಾವಿಯ ಹಗ್ಗ ಎಳೆಯುವಾಗ ದುಡಿಯುತ್ತಿದ್ದದ್ದು. ಇವುಗಳ ಅಡಿಯಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕಕ್ಕೆ, ಹುರಿಹಗ್ಗದ ಹಾಗೆ ಕೆಳಗಿನಿಂದ ಮೇಲಕ್ಕೆ ಹೋಗುವುದು ಎರೆಕ್ಟರ್ ಸ್ಪೈನೆ. ಮನುಷ್ಯರನ್ನು ನೆಟ್ಟಗೆ ನಿಲ್ಲಿಸುವುದು ಅದು. ನಾವು ಬಗ್ಗುವಾಗ ಬೀಳದ ಹಾಗೆ ಅದು ಹಿಡಿದು ಹಿಡಿದು ಬಿಡುತ್ತದಂತೆ. ಪೂರ್ತಿ ಬಗ್ಗಿಬಿಟ್ಟರೆ ಸುಮ್ಮನಾಗುತ್ತದಂತೆ. ಆಗ ಭಾರವೆಲ್ಲ ಮೂಳೆ ಮೂಳೆಯ ನಡುವಿನ ಕಟ್ಟುಗಳಿಗೆ. ನೀನು ಇಡೀ ದಿನ ಪೂರ್ತಿ ಬಗ್ಗಿಯೇ ಇರುತ್ತಿದ್ದೆಯಲ್ಲ ಅಜ್ಜಿ. ಎದ್ದ ಕೂಡಲೇ ಅದು ಸೆಟೆದುಕೊಳ್ಳದೆ ಇನ್ನೇನು ಮಾಡೀತು?

ಪುಸ್ತಕ ಮುಚ್ಚಿದೆ. ಮತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದೆ. ಎದುರಿಗೆ ಹೆಣವೂ ಇರಲಿಲ್ಲ, ಫಾರ್ಮಾಲಿನ್ನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಥೂ ಎಂದ ಆ ಹುಡುಗಿ ಒಬ್ಬಳಿದ್ದಳು.

ಸೋಮವಾರ ಹೆಣವಿದ್ದ ಹಾಲ್‌ಗೆ ಹೋಗುವ ಮೊದಲೇ ವಾಂತಿ ಮಾಡಿಕೊಂಡೆ. ಮುಗಿಸಿಕೊಂಡೇ ಹೋಗೋಣ ಎಂದು. ಮೇಡಂ ಟೇಬಲ್ಲಿನ ಆ ಪಕ್ಕ ನಿಂತು, "ಎರೆಕ್ಟರ್ ಸ್ಪೈನೆ ಎಲ್ಲಿದೆ? ತೋರ್ಸು" ಎಂದರು. ಬೆನ್ನು ತಣ್ಣಗಿತ್ತು. ಒದ್ದೆ ಬಟ್ಟೆಯ ಹಾಗೆ, ಬೆರಳಿಗೆ ಅಂಟುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಮೂಳೆಯ ಸಾಲು ಸಿಕ್ಕಿತು. ಅಲ್ಲಿ ಇಡಲಿಲ್ಲ. ಎರಡು ಬೆರಳು ಪಕ್ಕಕ್ಕೆ ಸರಿದು, ಹೆಬ್ಬೆರಳು ಊರಿ, ಒತ್ತುತ್ತಾ ಒತ್ತುತ್ತಾ ಮೇಲಿನಿಂದ ಕೆಳಕ್ಕೆ ಬಂದೆ. ಹೆಸರುಗಳು ತಾವಾಗಿಯೇ ಬಾಯಿಗೆ ಬಂದವು.

"ಹೆಬ್ಬೆರಳಲ್ಲಿ ಹೀಗೆ ಹುಡುಕೋದು ಯಾರಮ್ಮ ಹೇಳ್ಕೊಟ್ಟಿದ್ದು?" ಎಂದು ಮೇಡಂ ಕೇಳಿದರು.

"ನಮ್ಮಜ್ಜಿ, ಮೇಡಂ."

ಶ್ರೇಯಸ್ ಬಾಯಿ ಹಾಕಿದ. "ಏನ್ ಗುರು, ನಿಮ್ಮಜ್ಜಿ ಡಾಕ್ಟ್ರಾ?"

"ಅಲ್ಲ ಕಣೋ, ಪೇಷಂಟು. ನಾನು ಬೇಡ ಅಂತ ವಾಪಸ್ ಕಳಿಸಿದ್ ಪೇಷಂಟು."

ಪಾಸು ಮಾಡಿದರು ಅಜ್ಜಿ. ಅಸಹ್ಯ ಮಾತ್ರ ಹೋಗಲಿಲ್ಲ. ನಾಲ್ಕು ಸಲ ಸೋಪು ಹಾಕಿ ಕೈ ತೊಳೆದೆ, ಊಟ ಸೇರಲಿಲ್ಲ, ಶ್ರೇಯಸ್ ನನ್ನ ಚಿಕನ್ನೂ ತಿಂದ. ಬಹುಶಃ ಇದು ಯಾವತ್ತೂ ಹೋಗುವುದಿಲ್ಲ. ಅಸಹ್ಯ ಇದ್ದರೂ ಕೈ ಇಡಬಹುದಿತ್ತು ಎಂದು ಗೊತ್ತಾಯಿತು, ಅಷ್ಟೇ. ಆ ದಸರಾ ರಜೆಯಲ್ಲೂ...

ಇನ್ನೊಂದು ಸಮಾಚಾರ. ಸಂಜೆ ಅಮ್ಮ ಫೋನ್ ಮಾಡಿದ್ದಳು. ಬಟ್ಟೆ ಬಕೆಟ್ ಎತ್ತಲು ಹೋಗಿ ಅವಳಿಗೂ ಬೆನ್ನು ಹಿಡಿದುಕೊಂಡಿದೆ. ಡಾಕ್ಟರಿಗೆ ತೋರಿಸಿದ್ದಾಳೆ, ಮಾಂಸ ಸೆಟೆದಿದೆ, ಮೂಳೆಗೇನೂ ಆಗಿಲ್ಲ ಎಂದರಂತೆ. "ನಿಮ್ಮಜ್ಜಿ ಇದ್ದಿದ್ರೆ ಚಾಪೆ ಹಾಸ್ತಿದ್ಲು ಕಣೆ" ಎಂದು ನಕ್ಕಳು. ನನ್ನನ್ನು ಬಾ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಈಗ ಯಾರೂ ನನ್ನನ್ನು ಕರೆಯುವುದಿಲ್ಲ.

ಶನಿವಾರ ಬರುತ್ತೇನೆ ಅಜ್ಜಿ. ಅಮ್ಮನಿಗೆ ಚಾಪೆ ನಾನೇ ಹಾಸುತ್ತೇನೆ. ಮೊದಲು ಹೆಬ್ಬೆರಳಿನಲ್ಲಿ ಹುಡುಕುತ್ತೇನೆ. ಆಮೇಲೆ ಮೆಲ್ಲಗೆ, ಮೂಳೆಯ ಮೇಲಲ್ಲ, ಪಕ್ಕದ ಮಾಂಸದ ಮೇಲೆ, ಮೂರೇ ಸಲ. ಎರಡೂ ಕೈ ಗೋಡೆಗೆ ಕೊಟ್ಟು ನಿಲ್ಲುತ್ತೇನೆ.

ನಿನ್ನ ಮಗಾ