ಭಾವ ಕೇಳಿದ ಚೀಲ

ಮಾರ್ಚ್ ೯, ಭಾನುವಾರ

ಉಗುರಿನ ಸಂದಿನ ಮರಳು ಇನ್ನೂ ಹೋಗಿಲ್ಲ. ಮೈ ಉರಿಯುವುದೂ ನಿಂತಿಲ್ಲ.

ಬೆಳಿಗ್ಗೆ ಎಲ್ಲರೂ ಹೊಳೆಗೆ ಪಿಕ್ನಿಕ್ಕಿಗೆ ಹೊರಡುವಾಗ ಭಾವ ನನ್ನ ಟ್ರಕ್ಕಿನಿಂದ ಎಳೆಯುವ ಹಗ್ಗ, ಕೊಂಡಿ, ಸಲಿಕೆ, ಗಾಳಿ ಪಂಪು ಎಲ್ಲವನ್ನೂ ಇಳಿಸಿ ಶೆಡ್ಡಿಗೆ ಎಸೆದರು. ತಮ್ಮ ಎರಡು ಮಡಿಚುವ ಕುರ್ಚಿಗೆ ಜಾಗ ಬೇಕಿತ್ತಂತೆ. "ಇದೇನಮ್ಮ, ಟ್ರಕ್ಕೋ ಗುಜರಿ ಅಂಗಡಿನೋ?" ಎಲ್ಲರೂ ನಕ್ಕರು. ಅಕ್ಕನ ಮುಖ ನೋಡಿ ಟ್ರಕ್ಕು ಹತ್ತಿದೆ.

ಹೊಳೆಯ ದಂಡೆಯಲ್ಲಿ ಹಿಂದಿನ ಚಕ್ರಗಳು ಪೂರ್ತಿ ಹೂತುಹೋದವು. ಟೈರಿನ ಗಾಳಿ ಸ್ವಲ್ಪ ಇಳಿಸಿದ್ದರೆ ಮರಳಲ್ಲಿ ಹಿಡಿತ ಸಿಕ್ಕಿ ಟ್ರಕ್ಕು ತಾನೇ ಎದ್ದು ಬರುತ್ತಿತ್ತು, ಆದರೆ ಮತ್ತೆ ತುಂಬಲು ಪಂಪು ಎಲ್ಲಿತ್ತು? ಅಡುಗೆ ಪಾತ್ರೆಯ ಮುಚ್ಚಳದಲ್ಲಿ ಮರಳು ತೋಡಿದೆ. ಭಾವ ನೆರಳಲ್ಲಿ ಕುರ್ಚಿ ಹಾಕಿಕೊಂಡು, "ಎಡಗಡೆ ತೋಡು, ಇನ್ನೂ ಸ್ವಲ್ಪ ಎಡಗಡೆ" ಎನ್ನುತ್ತಿದ್ದರು. ಕೊನೆಗೆ ಯಾರೋ ಟ್ರ್ಯಾಕ್ಟರಿನವನು ಬಂದು ಎಳೆದು ಹಾಕಿದ. ಅವನ ಹತ್ತಿರ ಭಾವ ಹೇಳಿದ್ದು: "ಹೆಂಗಸರ ಡ್ರೈವಿಂಗು, ಏನ್ಮಾಡೋದು ಹೇಳಿ!"

ರಾತ್ರಿ ಊಟವಾದ ಮೇಲೆ ಅವರದೇ ಫೋನು. ಮುಂದಿನ ಭಾನುವಾರ ತಮ್ಮ ಹೊಸ ಜೀಪಿನಲ್ಲಿ ಬಾಸನ್ನು ಅದೇ ದಂಡೆಗೆ ಕರೆದುಕೊಂಡು ಹೋಗುತ್ತಾರಂತೆ. "ಆ ನಿನ್ನ ಹಗ್ಗ, ಪಂಪು ಸಾಮಾನೆಲ್ಲ ಒಂದು ಚೀಲಕ್ಕೆ ಹಾಕಿಡಮ್ಮ. ಬಾಸ್ ಎದುರು ಮರ್ಯಾದೆ ಹೋಗಬಾರದು ನೋಡು."

"ಆಗಲಿ ಭಾವ," ಎಂದೆ. ಅವರ ಹತ್ತಿರ ಇಷ್ಟು ಸಿಹಿಯಾಗಿ ಯಾವತ್ತೂ ಮಾತಾಡಿರಲಿಲ್ಲ.

ಈಗಷ್ಟೇ ಚೀಲ ತುಂಬಿ ಜಿಪ್ ಎಳೆದೆ. ಒಳ್ಳೇ ಭಾರವಾಗಿದೆ. ಬಿಚ್ಚಿ ನೋಡುವ ಆಸಾಮಿಯಲ್ಲ ಅವರು. ಒಳಗಿರುವುದು ಅವರು ಟ್ರಕ್ಕಿನಲ್ಲೇ ಬಿಟ್ಟುಹೋದ ಎರಡು ಕುರ್ಚಿ. ಒಂದು ಬಾಸಿಗೆ, ಇನ್ನೊಂದು ಬಾಸ್ ಹೇಳಿದರೆ ಅವರಿಗೆ. ತೋಡುವುದಕ್ಕೆ, ಸೊಟ್ಟಗಾದ ಆ ಮುಚ್ಚಳ.