ಎರಡು ಕುಂಡ

ಶುಂಡೆ,
ಎರಡನೆಯ ಚಾಂದ್ರಮಾಸ, ಹುಣ್ಣಿಮೆ ಕಳೆದ ಮಾರನೆಯ ದಿನ

ನನ್ನ ವಾನ್‌ಯಿಂಗ್‌ಗೆ ಅತ್ತೆ ಮಾಡುವ ಆಶೀರ್ವಾದ.

ಕೆಮ್ಮು ಹೇಗಿದೆ? ರಾತ್ರಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಮಲಗುವ ಚಾಳಿ ತವರಿಗೆ ಹೋದ ಮೇಲೂ ಬಿಟ್ಟಿರಲಾರೆ. ನಾನು ಚೆನ್ನಾಗಿದ್ದೇನೆ, ಮೀನಿನ ಗಂಜಿ ಒಗ್ಗುತ್ತಿದೆ. ಫೋನಿನಲ್ಲಿ ಮಾತಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಅದಕ್ಕೇ ಕಾಗದ. ಫೋಶಾನಿನ ಗಡಿಯಾರ ರಿಪೇರಿಯವನ ಕಡೆಯಿಂದ ನಿನಗೆ ಸಂಬಂಧ ಬಂದಿದೆ, ನೀನು ಮಾತ್ರ ಹೂಂ ಅನ್ನದೆ ಊಹೂಂ ಅನ್ನದೆ ಕೂತಿದ್ದೀಯ ಎಂದು ನಿಮ್ಮಮ್ಮ ಹೇಳಿದರು. ಆ ಮಾತು ಇರಲಿ, ಮೊದಲು ಗಿಡದ ಸುದ್ದಿ ಕೇಳು.

ನಿಮ್ಮ ಮದುವೆಯಾದ ವರ್ಷ ಹೋಯ್‌ಮಿಂಗ್ ಹೊಸ ವರ್ಷದ ಶುಭಕ್ಕೆಂದು ತಂದಿಟ್ಟನಲ್ಲ, ಆ ಕುಂಡದ ಪುಟ್ಟ ಕಿತ್ತಳೆ ಗಿಡ, ಅದರ ಎಲೆಯೆಲ್ಲ ಹಳದಿಗೆ ತಿರುಗಿತ್ತು. ಹಬ್ಬ ಮುಗಿದ ಮೇಲೆ ಎಲ್ಲರೂ ಕಾಯಿ ಕಿತ್ತುಬಿಡುತ್ತಾರೆ. ನನ್ನ ಮಗ ತೀರಿಹೋದ ಮೇಲೆ ನನಗೆ ಕೈ ಬರಲಿಲ್ಲ. ಮನೆಯಲ್ಲಿ ಬಣ್ಣ ಅಂತ ಇದ್ದದ್ದು ಅದೊಂದೇ. ಒಣಗಿ ತಾನೇ ಉದುರುವ ತನಕ ಬಿಟ್ಟೆ, ಎರಡು ವರ್ಷವೂ. ಈ ಸಲ ಗಿಡವೇ ಬಾಡಿತು ನೋಡು, ಸಸಿತೋಟದ ಹೋ ಮುದುಕನನ್ನು ಕರೆಸಿದೆ.

ಅವನು ಬುಡ ಕೆದಕಿ ನಕ್ಕ. "ಅಕ್ಕಾ, ಇದು ಒಂದು ಗಿಡ ಅಲ್ಲ, ಎರಡು. ಸೊಂಪಾಗಿ ಕಾಣ್ಲಿ ಅಂತ ಹಬ್ಬದ ವ್ಯಾಪಾರಕ್ಕೆ ನಾವೇ ಜೋಡಿ ನೆಡೋದು. ಬೇರೆ ಮಾಡು, ಇಲ್ದಿದ್ರೆ ಎರಡೂ ಹೋಗ್ತವೆ" ಅಂದ. ಹೊಸ ವರ್ಷದ ಗಿಡಕ್ಕೆ ಚಾಕು ಹಾಕು ಅಂತೀಯಲ್ಲ, ನಿನ್ನ ಬಾಯಿಗೆ ಮಣ್ಣು ಹಾಕ ಎಂದೆ. "ಬಾಯಿಗ್ಯಾಕೆ, ಕುಂಡಕ್ಕೆ ಹಾಕು" ಅಂದ ಕಿಲಾಡಿ.

ನಾನೇ ಮಾಡಿದೆ. ಬೇರಿನ ಮಣ್ಣು ತೊಳೆದು, ಊಟದ ಕಡ್ಡಿಯಿಂದ ಸಿಕ್ಕು ಬಿಡಿಸುತ್ತಾ ಬಚ್ಚಲಲ್ಲಿ ಕೂತೆ. ನಿನ್ನ ತಲೆ ಬಾಚುತ್ತಿದ್ದದ್ದು ನೆನಪಾಯಿತು. ಕೆಲವು ಬೇರು ಬಿಡಲೇ ಇಲ್ಲ, ಕತ್ತರಿಸಿದೆ. ಕತ್ತರಿಸುವಾಗ ಅಳು ಬಂತು, ಸುಳ್ಳೇಕೆ ಹೇಳಲಿ. ಮೀನುಕೆರೆಯ ಒಣ ಕೆಸರು ತುಂಬಿ ಎರಡು ಕುಂಡ ಮಾಡಿದೆ. ಒಂದರ ಕಾಯಿ ಪೂರ್ತಿ ಕಿತ್ತೆ, ಇನ್ನೊಂದರಲ್ಲಿ ಆಸೆಗೆ ನಾಲ್ಕು ಬಿಟ್ಟೆ. ಕಿತ್ತದ್ದು ಚಿಗುರಿತು. ಬಿಟ್ಟದ್ದು ಮುಖ ಊದಿಸಿಕೊಂಡು ನಿಂತಿತ್ತು. "ಕಾಯಿ ಹೊತ್ತ ಗಿಡ ಬೇರು ಬಿಡಲ್ಲ ಅಕ್ಕಾ" ಎಂದು ಹೋ ಮುದುಕ ಗೊಣಗಿದ. ನಿನ್ನೆ ಆ ನಾಲ್ಕನ್ನೂ ಕಿತ್ತೆ. ಎಲ್ಲ ಉಪ್ಪಿನಲ್ಲಿ ಹಾಕಿದ್ದೇನೆ, ನಿನ್ನ ಕೆಮ್ಮಿಗೆ ಆದೀತು.

ನಿಮ್ಮಮ್ಮನಿಗೆ ನಾನು ಕೇಳಿದೆ ಎಂದು ಹೇಳು. ಹೊಟ್ಟೆ ತುಂಬ ಉಣ್ಣು.

ನಿನ್ನ ಅತ್ತೆ,
ಲಿಯಾಂಗ್ ಸೌಕಾಮ್

ಮರೆತಿದ್ದೆ: ಆ ಗಡಿಯಾರದವನಿಗೆ ಹೂಂ ಅನ್ನು. ನನ್ನ ಮುಖ ನೋಡುತ್ತಾ ಕೂರಬೇಡ. ಚಿಗುರಿದ ಕುಂಡ ನಿನ್ನದು. ಭಾರವಿದೆ, ಅವನೇ ಬಂದು ಎತ್ತಿಕೊಂಡು ಹೋಗಲಿ. ಹೊಸ ವರ್ಷದ ಎರಡನೆಯ ದಿನ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಮಧ್ಯಾಹ್ನ ನಿಮ್ಮಮ್ಮನಲ್ಲಿ ಉಂಡು ರಾತ್ರಿ ಊಟಕ್ಕೆ ಇಬ್ಬರೂ ಇಲ್ಲಿಗೆ ಬನ್ನಿ. ನನಗೆ ಮಗಳಿರಲಿಲ್ಲ, ಆ ದಿನ ಈ ಮನೆಗೆ ಯಾರೂ ಬಂದದ್ದೇ ಇಲ್ಲ. ಬರುವ ವರ್ಷ ಬಾಗಿಲು ತೆರೆದಿಟ್ಟಿರುತ್ತೇನೆ.